ಡಾಕ್ಟರ ಹರ್ಡೀಕರರ ಪರದೇಶವಾಸ

ವಲಸೆಯ ಕಾಯದೆಯನ್ನೇ ವಿಷಯವಾಗಿ ಹಿಡಿದು ಪರದೇಶದ ವಿಶ್ವವಿದ್ಯಾಲಯದಲ್ಲಿ ಉಚ್ಚ ಪದವಿಯನ್ನು ಸಂಪಾದಿಸಬೇಕೆಂಬ ಹಂಬಲವುಳ್ಳ ತರುಣರು ವಿಜಯಪುರ ನಗರದಲ್ಲಿರಲಿ, ತಿಕೋಟಾ ಬಬಲೇಶ್ವರಗಳ ಒಕ್ಕಲು ಮನೆತನಗಳಲ್ಲಿರಲಿ, ಹಡಗು ವಿಮಾನಗಳ ಖರ್ಚನ್ನು ಲೆಕ್ಕ ಹಾಕುವದಕ್ಕೆ ಮೊದಲು ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರರ ಚರಿತ್ರೆಯನ್ನೊಮ್ಮೆ ನೋಡುವದು ಉಚಿತವೆಂದು ನಾವು ಭಾವಿಸುತ್ತೇವೆ. (ಹರ್ಡೇಕರ ಮಂಜಪ್ಪನವರೇ ಇವರೆಂದು ತಿಳಿಯುವವರು ಇನ್ನೂ ಇದ್ದಾರೆ, ಇವರು ಬೇರೆ, ಅವರು ಬೇರೆ.) ಹರ್ಡೀಕರರು ಕಾಯದೆಯನ್ನೋದಿದವರಲ್ಲ, ವೈದ್ಯರು. ಆದರೆ ಹಿಂದೀ ಜನರಿಗೆ ಅಮೇರಿಕೆಯ ಬಾಗಿಲನ್ನು ಮುಚ್ಚಿದ ಕಾಯದೆಯು ಅವರು ಆ ಬಾಗಿಲ ಒಳಗಿದ್ದಾಗಲೇ ಹುಟ್ಟಿತು.

1889ನೆಯ ಮೇ 7ರಂದು ಧಾರವಾಡದಲ್ಲಿ ಅವರ ಜನನ. ಪ್ಲೇಗು ಬಂದು ಊರಿಗೆ ಊರೇ ಬರಿದಾಗಿ, ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ಕಾಲದಲ್ಲಿ ಅವರ ಬಾಲ್ಯ ಕಳೆಯಿತು. ಸ್ವದೇಶೀ ಚಳವಳಿಯ ಕಾವು ಆರದಿದ್ದ ಕಲಕತ್ತೆಯಲ್ಲಿ ವೈದ್ಯಕವನ್ನು ಕಲಿತು, 1913ರಲ್ಲಿ ಅವರು ಅಮೇರಿಕೆಗೆ ತೆರಳಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಅಭ್ಯಾಸ ಮಾಡಿ 1916ರಲ್ಲಿ ಎಂ.ಎಸ್‌ಸಿ. ಪದವಿಯನ್ನು ಪಡೆದರು. ಪ್ಲೇಗಿನ ನಾಡಿನಿಂದ ಹೋದವರು ಈ ವಿಷಯವನ್ನೇ ಆರಿಸಿಕೊಂಡದ್ದು ಯೋಗ್ಯವೇ ಆಗಿತ್ತು.

ಅವರು ಅಲ್ಲಿ ಓದುತ್ತಿದ್ದಾಗ ನೆರೆಯ ಕೆನಡಾದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಸ್ವಲ್ಪ ವಿವರಿಸುವದು ಅವಶ್ಯ. ತಾಯ್ನಾಡಿನಿಂದ ಎಲ್ಲಿಯೂ ತಂಗದೆ ಒಂದೇ ಪ್ರಯಾಣದಲ್ಲಿ ಬಂದವರಿಗೆ ಮಾತ್ರ ಪ್ರವೇಶವೆಂದು ಆ ಸರಕಾರವು 1908ರಲ್ಲಿ ನಿಯಮ ಮಾಡಿತ್ತು. ಹಿಂದುಸ್ತಾನದಿಂದ ಹಾಗೆ ನೇರವಾಗಿ ಹೋಗುವ ಹಡಗು ಇರಲಿಲ್ಲ. ಹಿಂದೀ ಜನರ ಹೆಸರೆತ್ತದೆಯೇ ಅವರನ್ನು ಹೊರಗಿಡುವ ಉಪಾಯವಿದು! ಕಾಯದೆಯ ವಿದ್ಯಾರ್ಥಿಗಳು ಇದನ್ನು ಚೆನ್ನಾಗಿ ಗಮನಿಸಬೇಕು. 1914ರ ಮೇ ತಿಂಗಳಲ್ಲಿ 376 ಪ್ರಯಾಣಿಕರನ್ನು ಹೊತ್ತು ಬಂದ ಕೋಮಾಗಾಟಾ ಮಾರು ಹಡಗು ವ್ಯಾಂಕೂವರ ಬಂದರದಲ್ಲಿ ಎರಡು ತಿಂಗಳು ನಿಂತಿತು; ಕೆಲವರನ್ನಷ್ಟೇ ಇಳಿಯಗೊಟ್ಟು, ಉಳಿದವರನ್ನು ಜುಲೈ 23ರಂದು ಹಿಂದಕ್ಕೆ ಅಟ್ಟಲಾಯಿತು. ಬರಗಾಲದಲ್ಲಿ ಗುಳೆ ಹೋಗುವ ನಮ್ಮ ಜಿಲ್ಲೆಯವರಿಗೆ ಹೊಟ್ಟೆಗಾಗಿ ಊರು ಬಿಡುವ ದುಃಖವು ಗೊತ್ತು. ದಂಡೆ ಕಣ್ಣಿಗೆ ಕಾಣುತ್ತಿದ್ದರೂ ಕಾಲಿಡಗೊಡದ ದುಃಖವು ಗೊತ್ತಿಲ್ಲ.

ಅಮೇರಿಕೆಯು ಇಂಥ ಮುಸುಕನ್ನೂ ಹಾಕಿಕೊಳ್ಳಲಿಲ್ಲ. ಅಧ್ಯಕ್ಷ ವಿಲ್ಸನ್ನರು ನಿರಾಕರಿಸಿದಾಗ್ಯೂ ಅಲ್ಲಿಯ ಶಾಸನಸಭೆಯು 1917ರ ಫೆಬ್ರುವರಿಯಲ್ಲಿ ಕಾಯದೆ ಮಾಡಿ, ಹಿಂದುಸ್ತಾನವನ್ನೊಳಗೊಂಡ ಏಶಿಯಾದ ಬಹುಭಾಗವನ್ನು ನಿಷಿದ್ಧ ವಲಯವೆಂದು ಗೊತ್ತುಪಡಿಸಿತು. ವಿದ್ಯಾರ್ಥಿಗಳಿಗೆ ವಿನಾಯಿತಿ ಇತ್ತು, ಕೂಲಿಕಾರರಿಗೆ ಇರಲಿಲ್ಲ. ಒಂದೇ ನಾಡಿನ ಇಬ್ಬರಲ್ಲಿ ಪುಸ್ತಕ ಹಿಡಿದವನು ಒಳಗೆ, ಕುಡುಗೋಲು ಹಿಡಿದವನು ಹೊರಗೆ! 1923ರಲ್ಲಿ ಭಗತಸಿಂಗ ಥಿಂದರ ಮೊಕದ್ದಮೆಯಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಹಿಂದೀಯರು ಬಿಳಿಯರಲ್ಲವಾದ್ದರಿಂದ ನಾಗರಿಕರಾಗಲಾರರೆಂದು ತೀರ್ಪಿತ್ತಿತು. ಮೊದಲೇ ನಾಗರಿಕತ್ವ ಪಡೆದಿದ್ದ ಹಲವರು ಅದನ್ನು ಕಳೆದುಕೊಂಡರು.

ಪುಸ್ತಕದ ಬಲದಿಂದ ಒಳಗಿದ್ದ ಹರ್ಡೀಕರರು ಸುಮ್ಮನೆ ಕೂಡ್ರಲಿಲ್ಲ. ಲಾಲಾ ಲಜಪತರಾಯರು ಆಗ ಅಮೇರಿಕೆಯಲ್ಲಿದ್ದರು. ಯುದ್ಧವು ಮುಗಿಯುವ ವರೆಗೂ ಇಂಗ್ಲಿಷ ಸರಕಾರವು ಅವರನ್ನು ಸ್ವದೇಶಕ್ಕೆ ಮರಳಗೊಡಲಿಲ್ಲ. ಪರರ ನಾಡಿಗೆ ಪ್ರವೇಶವಿಲ್ಲದ್ದು ಒಂದು ಅಪಮಾನ. ತನ್ನ ನಾಡಿಗೇ ಪ್ರವೇಶವಿಲ್ಲದ್ದಕ್ಕೆ ಏನೆನ್ನಬೇಕು? ಲಾಲಾಜಿಯವರು 1917ರಲ್ಲಿ ನ್ಯೂಯಾರ್ಕಿನಲ್ಲಿ ಹೋಮರೂಲ ಲೀಗನ್ನು ಸ್ಥಾಪಿಸಿ, ಮರುವರ್ಷ ಯಂಗ ಇಂಡಿಯಾ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಹರ್ಡೀಕರರು ಅವರ ಬಲಗೈಯಾಗಿ ಊರೂರು ತಿರುಗಿ ವ್ಯಾಖ್ಯಾನಗಳನ್ನು ಕೊಟ್ಟರು, ಸದಸ್ಯರನ್ನು ಕೂಡಿಸಿದರು.

1921ರಲ್ಲಿ ಅವರು ತಿರುಗಿ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದರು. ಮುಂದಿನದೆಲ್ಲ ವಾಚಕರಿಗೆ ಗೊತ್ತಿದ್ದುದೇ. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿಯ ಸ್ವಯಂಸೇವಕರು ಮಾಫಿ ಬೇಡದೆ ಶಿಕ್ಷೆಯನ್ನು ಅನುಭವಿಸಿದರು. ಅದೇ ವರ್ಷದ ಕೊನೆಗೆ ಕಾಕಿನಾಡದಲ್ಲಿ ಹಿಂದುಸ್ತಾನೀ ಸೇವಾದಲವು ಹುಟ್ಟಿತು. 1924ರ ಬೆಳಗಾವಿ ಕಾಂಗ್ರೆಸಿನ ಶಿಸ್ತು ಇವರ ದಂಡಿನದೇ. ಇವರ ಚರಿತ್ರೆಯನ್ನು ನಾಗಪುರದಿಂದ ಆರಂಭಿಸುವ ಪದ್ಧತಿಯು ನಮಗೆ ಒಪ್ಪಿಗೆಯಿಲ್ಲ. ಅಮೇರಿಕೆಯ ಎಂಟು ವರ್ಷಗಳನ್ನು ಬಿಟ್ಟರೆ ಈ ಸಂಘಟನೆಯ ಕಸುವು ಎಲ್ಲಿಂದ ಬಂತೆಂಬುದು ತಿಳಿಯದು. ಪಡೆದು ತಂದ ಪದವಿಯು ವ್ಯರ್ಥವಾಯಿತೆಂದು ಕೆಲವರು ಅನ್ನಬಹುದು; ಘಟಪ್ರಭೆಯಲ್ಲಿ ಅವರು ಕಟ್ಟಿದ ಕರ್ನಾಟಕ ಆರೋಗ್ಯಧಾಮವನ್ನು ಕಂಡವರು ಹಾಗೆನ್ನಲಾರರು.

1946ರಲ್ಲಿ ಅಮೇರಿಕೆಯು ಬಾಗಿಲನ್ನು ಬೆರಳಷ್ಟು ತೆರೆದು, ವರ್ಷಕ್ಕೆ 100 ಹಿಂದೀಯರಿಗೆ ಪ್ರವೇಶವನ್ನೂ ನಾಗರಿಕರಾಗುವ ಹಕ್ಕನ್ನೂ ಕೊಟ್ಟಿತು. ಹರ್ಡೀಕರರು 1952ರಿಂದ ಹತ್ತು ವರ್ಷ ರಾಜ್ಯಸಭೆಯಲ್ಲಿದ್ದರು. 1965ರಲ್ಲಿ ಆ ದೇಶವು ರಾಷ್ಟ್ರವಾರು ಪಾಲುಗಳ ಪದ್ಧತಿಯನ್ನೇ ರದ್ದುಗೊಳಿಸಿದಾಗ ಅವರಿಗೆ 76 ವರ್ಷ. 1975ರ ಆಗಸ್ಟ 26ರಂದು ಅವರು ಕಾಲವಾದರು.