ಸರ್ ಸಯ್ಯದ್ ಅಹ್ಮದ್ ಖಾನ್: ಓದಿ ಉತ್ತರಿಸುವುದನ್ನು ಕಲಿಸಿದವರು

ಅಕ್ಟೋಬರ್ 17 ಬಂತೆಂದರೆ ದೇಶದ ಅನೇಕ ವಿದ್ಯಾಸಂಸ್ಥೆಗಳಲ್ಲಿ ಸರ್ ಸಯ್ಯದ್ ಅಹ್ಮದ್ ಖಾನರನ್ನು ನೆನೆಯುತ್ತಾರೆ. ಅಲಿಗಢ ವಿದ್ಯಾಲಯದ ಸ್ಥಾಪಕರೆಂದು ಅವರ ಹೆಸರು ಮಕ್ಕಳಿಗೂ ಗೊತ್ತು. ಆದರೆ ಅವರ ಜೀವನದ ಇನ್ನೊಂದು ಮುಖ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಹೊಸ ವಿಜ್ಞಾನ ಮತ್ತು ಹಳೆಯ ತಿಳಿವಳಿಕೆ ಎದುರುಬದುರಾದಾಗ ಏನು ಮಾಡಬೇಕು? ಮನಸ್ಸಿಗೆ ನೋವಾಗುವ ಮಾತು ಕೇಳಿದಾಗ ಹೇಗೆ ಉತ್ತರಿಸಬೇಕು? ಈ ಎರಡು ಪ್ರಶ್ನೆಗಳೊಂದಿಗೆ ಅವರು ಬದುಕಿನುದ್ದಕ್ಕೂ ಹೆಣಗಿದರು. ಟಿವಿ ಚಾನೆಲ್ಲುಗಳಲ್ಲಿ, ಮೊಬೈಲಿನ ವಿಡಿಯೋಗಳಲ್ಲಿ ವಿಕಾಸವಾದ ಶುದ್ಧ ಸುಳ್ಳು ಎಂಬ ಮಾತು ಕೇಳಿಬಂದು, ಮಕ್ಕಳು ಅದನ್ನು ತರಗತಿಗೆ ಹೊತ್ತು ತರುವ ಈ ದಿನಗಳಲ್ಲಿ ಅವರ ಜೀವನವನ್ನು ಈ ದೃಷ್ಟಿಯಿಂದ ಓದುವುದು ಉಪಯುಕ್ತ.

ಬಾಲ್ಯ ಮತ್ತು ಮೊದಲ ನಂಬಿಕೆ

ಸರ್ ಸಯ್ಯದರು 1817ರ ಅಕ್ಟೋಬರ್ 17ರಂದು ದೆಹಲಿಯಲ್ಲಿ ಜನಿಸಿದರು. ತಾಯಿಯ ತಂದೆ ಖ್ವಾಜಾ ಫರೀದುದ್ದೀನ್ ಮೊಘಲ್ ದೊರೆಯ ವಜೀರರಾಗಿದ್ದವರು, ಗಣಿತದಲ್ಲೂ ಖಗೋಳದಲ್ಲೂ ಪಂಡಿತರು. ತಾಯಿ ಅಜೀಜುನ್ನಿಸಾ ಬೇಗಂ ಶಿಸ್ತಿನಿಂದ ಮಗನನ್ನು ಬೆಳೆಸಿದರು. ಮನೆಯಲ್ಲೇ ಕುರ್‌ಆನ್, ಫಾರ್ಸಿ, ಅರಬ್ಬಿ ಕಲಿತ ಬಾಲಕ ಸೋದರಮಾವನ ಬಳಿ ಗಣಿತ ಓದಿದ. 1838ರಲ್ಲಿ ತಂದೆ ತೀರಿಕೊಂಡ ಮೇಲೆ ಕಂಪನಿ ಸರ್ಕಾರದ ನ್ಯಾಯಾಲಯದಲ್ಲಿ ನೌಕರಿಗೆ ಸೇರಿ, 1841ರಲ್ಲಿ ಮುನ್ಸೀಫರಾದರು. 1847ರಲ್ಲಿ ದೆಹಲಿಯ ಹಳೆಯ ಕಟ್ಟಡಗಳನ್ನು ಕುರಿತು ಬರೆದ ಆಸಾರುಸ್ಸನಾದೀದ್ ಗ್ರಂಥ ಅವರಿಗೆ ಹೆಸರು ತಂದಿತು.

ಮರುವರ್ಷ, ಅಂದರೆ 1848ರಲ್ಲಿ, ಅವರು ಇನ್ನೊಂದು ಸಣ್ಣ ಪುಸ್ತಕ ಬರೆದರು. ಭೂಮಿ ಚಲಿಸುತ್ತದೆ ಎಂಬುದನ್ನು ಖಂಡಿಸುವ ಪುಸ್ತಕ ಅದು. ಅವರು ಕಲಿತಿದ್ದ ಹಳೆಯ ಖಗೋಳದಲ್ಲಿ ಭೂಮಿ ಸ್ಥಿರವಾಗಿತ್ತು. ಆ ಪಾಠದ ಆಧಾರದ ಮೇಲೆ ತರ್ಕಬದ್ಧವಾಗಿಯೇ ವಾದಿಸಿದ್ದರು. ಮುಂದೆ ಹೊಸ ವಿಜ್ಞಾನದ ಪರಿಚಯವಾದಂತೆ ಆ ಅಭಿಪ್ರಾಯವನ್ನು ಕೈಬಿಟ್ಟರು. ಭೂಮಿ ಸುತ್ತುತ್ತದೆ ಎಂದು ಒಪ್ಪಿದ್ದರಿಂದ ಅವರ ಈಮಾನಿಗೆ ಯಾವ ಧಕ್ಕೆಯೂ ಬರಲಿಲ್ಲ. ಬುದ್ಧಿವಂತರು, ದೈವಭಕ್ತರು, ಓದಿದವರು ಕೂಡ ಹೊಸ ಪುಸ್ತಕಗಳು ತಮ್ಮ ಭಾಷೆಯಲ್ಲಿ ಸಿಗದಿದ್ದರೆ ಹಳೆಯ ಪಾಠಕ್ಕೇ ಅಂಟಿಕೊಳ್ಳುತ್ತಾರೆ ಎಂಬುದಕ್ಕೆ ಅವರೇ ಸಾಕ್ಷಿ.

ತಾಯ್ನುಡಿಯಲ್ಲಿ ವಿಜ್ಞಾನ

1857ರ ದಂಗೆಯಲ್ಲಿ ದೆಹಲಿ ಹಾಳಾಯಿತು, ಅವರ ಸ್ವಂತ ಕುಟುಂಬವೂ ನಲುಗಿತು. ದೇಶ ಬಿಟ್ಟು ಹೋಗುವ ಯೋಚನೆಯನ್ನೂ ಮಾಡಿದ್ದ ಅವರು ಕೊನೆಗೆ ಇಲ್ಲೇ ಉಳಿದು ಸಮುದಾಯವನ್ನು ಎತ್ತಿ ನಿಲ್ಲಿಸಲು ತೀರ್ಮಾನಿಸಿದರು. 1864ರ ಜನವರಿಯಲ್ಲಿ ಗಾಜೀಪುರದಲ್ಲಿ ಸೈಂಟಿಫಿಕ್ ಸೊಸೈಟಿ ಸ್ಥಾಪಿಸಿದರು. ಅವರಿಗೆ ವರ್ಗವಾದಾಗ ಅದೂ ಅಲಿಗಢಕ್ಕೆ ಬಂತು. ಇಂಗ್ಲಿಷಿನಲ್ಲಿದ್ದ ಇತಿಹಾಸ, ಕೃಷಿ, ಅರ್ಥಶಾಸ್ತ್ರ ಮುಂತಾದ ಗ್ರಂಥಗಳನ್ನು ಉರ್ದುವಿಗೆ ತರುವುದು ಅದರ ಕೆಲಸ. ಹಿಂದೂಗಳೂ ಮುಸ್ಲಿಮರೂ ಇಂಗ್ಲಿಷರೂ ಅದರ ಸದಸ್ಯರಾಗಿದ್ದರು. 1866ರಿಂದ ಉರ್ದು ಮತ್ತು ಇಂಗ್ಲಿಷ್ ಎರಡರಲ್ಲೂ ಪತ್ರಿಕೆ ಹೊರಡಿಸಿದರು.

ನೋವಿಗೆ ಗ್ರಂಥಾಲಯದಿಂದ ಉತ್ತರ

ಅದೇ ಕಾಲದಲ್ಲಿ ವಿಲಿಯಂ ಮ್ಯೂರ್ ಎಂಬ ಬ್ರಿಟಿಷ್ ಅಧಿಕಾರಿ ಪ್ರವಾದಿ ಮುಹಮ್ಮದರ (ಸ) ಜೀವನ ಕುರಿತು ನಾಲ್ಕು ಸಂಪುಟಗಳನ್ನು ಪ್ರಕಟಿಸಿದ್ದರು. ಅದರಲ್ಲಿದ್ದ ಮಾತುಗಳಿಂದ ಸರ್ ಸಯ್ಯದರು ಬಹಳ ನೊಂದರು. ಅವರು ಪುಸ್ತಕ ಸುಡಲಿಲ್ಲ, ಬೈಗುಳದ ಲೇಖನ ಬರೆಯಲಿಲ್ಲ. 1869ರಲ್ಲಿ ಮಕ್ಕಳಾದ ಹಾಮಿದ್ ಮತ್ತು ಮಹಮೂದರೊಂದಿಗೆ ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳಲ್ಲಿ ಕುಳಿತು ಮೂಲ ಆಧಾರಗಳನ್ನು ಹುಡುಕಿದರು. ತಮಗೆ ಬಾರದ ಭಾಷೆಗಳ ಪುಸ್ತಕಗಳನ್ನು ಹಣ ಕೊಟ್ಟು ಅನುವಾದ ಮಾಡಿಸಿದರು. ಸಾಲ ಮಾಡಿದರು. 1870ರಲ್ಲಿ ಅವರ ಉತ್ತರ ಲಂಡನ್ನಿನಲ್ಲೇ ಇಂಗ್ಲಿಷಿನಲ್ಲಿ ಅಚ್ಚಾಯಿತು. ಉರ್ದುವಿನಲ್ಲಿ ಅದು ಖುತ್ಬಾತೆ ಅಹ್ಮದಿಯಾ ಎಂದು ಪ್ರಸಿದ್ಧ. ಇಷ್ಟಾದರೂ ಮ್ಯೂರ್ ಅವರೊಂದಿಗಿನ ಸಂಬಂಧ ಕೆಡಲಿಲ್ಲ. ಮುಂದೆ ಅಲಿಗಢದ ಕೆಲಸಕ್ಕೆ ನೆರವಾದವರಲ್ಲಿ ಮ್ಯೂರ್ ಕೂಡ ಒಬ್ಬರು.

ಭಾರತಕ್ಕೆ ಮರಳಿ 1870ರ ಡಿಸೆಂಬರಿನಲ್ಲಿ ತಹಜೀಬುಲ್ ಅಖ್ಲಾಕ್ ಪತ್ರಿಕೆ ಆರಂಭಿಸಿದರು. 1875ರ ಮೇ 24ರಂದು ಅಲಿಗಢದಲ್ಲಿ ಶಾಲೆ ತೆರೆಯಿತು. 1877ರ ಜನವರಿ 8ರಂದು ಕಾಲೇಜಿಗೆ ಅಡಿಗಲ್ಲು ಬಿತ್ತು.

ಹೈದರಾಬಾದಿನಿಂದ ಬಂದ ಖಂಡನೆ

ಪ್ರಕೃತಿ ಅಲ್ಲಾಹನ ಕೃತಿ, ಕುರ್‌ಆನ್ ಅಲ್ಲಾಹನ ವಚನ. ಆದ್ದರಿಂದ ಅವೆರಡರ ನಡುವೆ ನಿಜವಾದ ವಿರೋಧ ಇರಲಾರದು. ವಿರೋಧ ಕಂಡರೆ ನಮ್ಮ ಅರ್ಥೈಸುವಿಕೆಯನ್ನೇ ಮತ್ತೆ ಪರೀಕ್ಷಿಸಬೇಕು ಎಂಬುದು ಸರ್ ಸಯ್ಯದರ ನಿಲುವು. ಇದನ್ನು ಒಪ್ಪದವರು ಅವರನ್ನು ನೇಚರಿ ಎಂದು ಹಂಗಿಸಿದರು. ಅವರ ವಿರುದ್ಧ ಫತ್ವಾಗಳು ಹೊರಟವು.

ಈ ವಿವಾದ ಉತ್ತರ ಭಾರತದಲ್ಲೇ ನಿಲ್ಲಲಿಲ್ಲ. ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳು ಅಂದು ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಅದರ ರಾಜಧಾನಿ ಹೈದರಾಬಾದಿನಲ್ಲಿ ಸರ್ ಸಯ್ಯದರ ಗೆಳೆಯರಾದ ಮೊಹ್ಸಿನುಲ್ ಮುಲ್ಕ್ ಮತ್ತು ಚಿರಾಗ್ ಅಲಿ ಸರ್ಕಾರಿ ಹುದ್ದೆಗಳಲ್ಲಿದ್ದರು. 1879ರಲ್ಲಿ ಅಲ್ಲಿಗೆ ಸಯ್ಯದ್ ಜಮಾಲುದ್ದೀನ್ ಅಫ್ಘಾನಿ ಬಂದರು. ನೇಚರಿಗಳು ಅಂದರೆ ಯಾರು ಎಂದು ಅಲ್ಲಿನ ಗಣಿತ ಶಿಕ್ಷಕರೊಬ್ಬರು ಪತ್ರ ಬರೆದು ಕೇಳಿದಾಗ, ಅಫ್ಘಾನಿ ಫಾರ್ಸಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. 1881ರಲ್ಲಿ ಅದು ಹೈದರಾಬಾದಿನಲ್ಲಿ ಪ್ರಕಟವಾಯಿತು. ಅದರಲ್ಲಿ ಡಾರ್ವಿನ್ನರ ವಿಕಾಸವಾದದ ಖಂಡನೆಯೂ ಇದೆ. ಕತ್ತರಿಸಿದ ಬಾಲ ಮರಿಗಳಲ್ಲೂ ಇಲ್ಲವಾಗುವುದಾದರೆ, ಸಾವಿರಾರು ವರ್ಷಗಳಿಂದ ಖತ್ನಾ ಮಾಡುತ್ತಿರುವ ಅರಬರಲ್ಲಿ ಮಕ್ಕಳು ಖತ್ನಾ ಆಗಿಯೇ ಏಕೆ ಹುಟ್ಟುವುದಿಲ್ಲ ಎಂಬ ಅರ್ಥದ ಪ್ರಶ್ನೆಯನ್ನು ಅವರು ಹಾಕಿದ್ದರು.

ಕೇಳಲು ಗಟ್ಟಿಯಾದ ವಾದ. ಆದರೆ 1859ರಲ್ಲಿ ಡಾರ್ವಿನ್ ಮಂಡಿಸಿದ ನೈಸರ್ಗಿಕ ಆಯ್ಕೆಗೆ ಇದು ತಾಗುವುದೇ ಇಲ್ಲ. ಕತ್ತರಿಸಿದ್ದು ಮುಂದಿನ ಪೀಳಿಗೆಗೆ ಹೋಗುತ್ತದೆ ಎಂಬುದು ಆ ಸಿದ್ಧಾಂತದ ತಿರುಳಲ್ಲ. ಹುಟ್ಟಿನಿಂದಲೇ ಇರುವ ಸಣ್ಣ ವ್ಯತ್ಯಾಸಗಳಲ್ಲಿ ಬದುಕಲು ನೆರವಾಗುವಂಥವು ಪೀಳಿಗೆಯಿಂದ ಪೀಳಿಗೆಗೆ ಹೆಚ್ಚುತ್ತವೆ ಎಂಬುದೇ ಅದರ ಸಾರ. ಅಫ್ಘಾನಿಯವರು ಸಣ್ಣ ವಿದ್ವಾಂಸರಲ್ಲ. ಮುಂದೆ ಈ ವಿಷಯದಲ್ಲಿ ಅವರ ಧೋರಣೆ ಮೃದುವಾಯಿತೆಂದು ಅವರ ಒಡನಾಡಿ ದಾಖಲಿಸಿದ್ದಾರೆ. ಆದರೂ ಮೂಲವನ್ನು ಬಿಟ್ಟು ಕೇಳಿದ ಮಾತಿಗೆ ಉತ್ತರ ಬರೆದರೆ ದೊಡ್ಡವರ ಬಾಣವೂ ಗುರಿ ತಪ್ಪುತ್ತದೆ. ಮ್ಯೂರ್ ವಿಷಯದಲ್ಲಿ ಸರ್ ಸಯ್ಯದರು ಹಿಡಿದ ದಾರಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಓದುಗರು ಗಮನಿಸಬೇಕು.

ಭಿನ್ನಮತದ ಅದಬು

1880ರಿಂದ ಸರ್ ಸಯ್ಯದರು ಕುರ್‌ಆನಿನ ವ್ಯಾಖ್ಯಾನ ಪ್ರಕಟಿಸತೊಡಗಿದರು. ಅದರ ಅನೇಕ ಮಾತುಗಳನ್ನು ಉಲಮಾಗಳು ಒಪ್ಪಲಿಲ್ಲ, ಇಂದಿಗೂ ಬಹಳ ಮಂದಿ ಒಪ್ಪುವುದಿಲ್ಲ. ಆಪ್ತ ಗೆಳೆಯ ಮೊಹ್ಸಿನುಲ್ ಮುಲ್ಕ್ ಕೂಡ ಒಪ್ಪದೆ ಪತ್ರಗಳಲ್ಲಿ ವಾದಿಸಿದರು. ಆ ಪತ್ರಗಳು ಅಚ್ಚಾದವು, ಸ್ನೇಹ ಮಾತ್ರ ಮುರಿಯಲಿಲ್ಲ. ಇನ್ನೂ ಮುಖ್ಯವಾದುದೆಂದರೆ, ತಮ್ಮ ವ್ಯಾಖ್ಯಾನವನ್ನು ಅವರು ಕಾಲೇಜಿನ ಮಕ್ಕಳ ಮೇಲೆ ಹೇರಲಿಲ್ಲ. ದೀನಿಯಾತ್ ಪಾಠವನ್ನು ಸಂಪ್ರದಾಯಸ್ಥ ಉಲಮಾಗಳ ಕೈಗೇ ಬಿಟ್ಟರು. 1886ರಲ್ಲಿ ಅವರು ಆರಂಭಿಸಿದ ಶಿಕ್ಷಣ ಸಮ್ಮೇಳನ ಊರಿಂದೂರಿಗೆ ಸಾಗಿತು. 1898ರ ಮಾರ್ಚ್ 27ರಂದು ಅವರು ನಿಧನರಾದರು. ಕಾಲೇಜು 1920ರಲ್ಲಿ ವಿಶ್ವವಿದ್ಯಾಲಯವಾಯಿತು.

ಅವರ ಅನುವಾದದ ಕನಸು ದಖ್ಖನಿಗೂ ಬಂತು. ಅಲಿಗಢದಲ್ಲಿ ಓದಿದ ಮೌಲ್ವಿ ಅಬ್ದುಲ್ ಹಕ್ ಹೈದರಾಬಾದಿನ ಅನುವಾದ ಸಂಸ್ಥೆಯಲ್ಲಿ ದುಡಿದರು. ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿತು. ಕನ್ನಡದಲ್ಲಿ ವಿಕಾಸ ಎನ್ನುವುದನ್ನು ಉರ್ದುವಿನಲ್ಲಿ ಇರ್ತಿಕಾ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಈ ಎರಡೂ ಭಾಷೆಗಳಲ್ಲಿ ವಿಷಯ ತಿಳಿಸುವ ಅವಕಾಶ ನಮಗಿದೆ.

ಇಂದು ನಾವೇನು ಮಾಡಬೇಕು?

ವಿಕಾಸವಾದದ ವಿರೋಧ ಒಂದು ಧರ್ಮದವರಿಂದ ಮಾತ್ರ ಬರುತ್ತಿಲ್ಲ. 2018ರ ಜನವರಿಯಲ್ಲಿ ಅಂದಿನ ಕೇಂದ್ರ ರಾಜ್ಯ ಸಚಿವರೊಬ್ಬರು ಡಾರ್ವಿನ್ ಸಿದ್ಧಾಂತ ತಪ್ಪೆಂದು ಹೇಳಿದ್ದು ಟಿವಿಗಳಲ್ಲಿ ದೇಶವಿಡೀ ಪ್ರಸಾರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ನೀಡಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ಹೋಯಿತು. ವಿಜ್ಞಾನ ಪಿಯುಸಿಗೆ ಸೇರದ ಮಗುವಿಗೆ ಟಿವಿ, ಮೊಬೈಲುಗಳೇ ಮೇಷ್ಟರಾಗುವ ಅಪಾಯವಿದೆ.

ಆದ್ದರಿಂದ ಮಗು ವಿಡಿಯೋ ತೋರಿಸಿದಾಗ ಗದರಬಾರದು, ನಗಬಾರದು. ಹೇಳಿದವರು ಯಾರು, ವಿಜ್ಞಾನಿಗಳು ನಿಜವಾಗಿ ಹೇಳಿರುವುದೇನು ಎಂದು ಅದರೊಡನೆ ಕುಳಿತು ನೋಡಬೇಕು. ಇಂದಿನ ಮಂಗಗಳಿಂದ ಮನುಷ್ಯ ಹುಟ್ಟಿದನೆಂದು ವಿಜ್ಞಾನ ಹೇಳುವುದಿಲ್ಲ. ಇಬ್ಬರಿಗೂ ಬಹು ಹಿಂದೆ ಸಮಾನ ಪೂರ್ವಜರಿದ್ದರೆಂದು ಹೇಳುತ್ತದೆ. ನೈಸರ್ಗಿಕ ಆಯ್ಕೆಗೆ ಉದಾಹರಣೆ ನಮ್ಮ ಹತ್ತಿ ಹೊಲದಲ್ಲೇ ಇದೆ. 2002ರಲ್ಲಿ ಬಿಟಿ ಹತ್ತಿ ಬಂದಾಗ ಕಾಯಿಕೊರಕ ಹುಳುಗಳು ಸಾಯುತ್ತಿದ್ದವು. ಆ ವಿಷವನ್ನು ತಾಳಬಲ್ಲ ಕೆಲವು ಗುಲಾಬಿ ಕಾಯಿಕೊರಕಗಳು ಉಳಿದು, ಅವುಗಳ ಸಂತತಿಯೇ ಹೆಚ್ಚಿತು. ಇಂದು ರೈತರು ಅದೇ ಹುಳುವಿನಿಂದ ನಷ್ಟ ಅನುಭವಿಸುತ್ತಿದ್ದಾರೆ. ರಾಯಚೂರಿನ ಹತ್ತಿ ಮಾರುಕಟ್ಟೆಗೆ ಬರುವ ರೈತನ ಮಗ ಇದನ್ನು ಬೇಗ ಗ್ರಹಿಸುತ್ತಾನೆ.

ದೀನಿನ ಪ್ರಶ್ನೆಯನ್ನು ಆಲಿಮರಲ್ಲಿ, ವಿಜ್ಞಾನದ ಪ್ರಶ್ನೆಯನ್ನು ವಿಜ್ಞಾನ ಶಿಕ್ಷಕರಲ್ಲಿ ಕೇಳುವ ರೂಢಿ ಮಾಡಿಸೋಣ. ಅವರಿಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ಕಂಡರೆ ಮಗು ಈಮಾನನ್ನೂ ಕಳೆದುಕೊಳ್ಳುವುದಿಲ್ಲ, ಇಲ್ಮನ್ನೂ ಕಳೆದುಕೊಳ್ಳುವುದಿಲ್ಲ. ಭೂಮಿ ನಿಂತಿದೆ ಎಂದು ಪುಸ್ತಕ ಬರೆದವರೇ ಮುಂದೆ ಸೈಂಟಿಫಿಕ್ ಸೊಸೈಟಿ ಕಟ್ಟಿದರು. ಅವರನ್ನು ಬದಲಿಸಿದ್ದು ಯಾರ ಗದರಿಕೆಯೂ ಅಲ್ಲ, ಓದು. ನಮ್ಮ ಮಕ್ಕಳ ಕೈಗೂ ಆ ಓದು ಸಿಗುವಂತೆ ಮಾಡುವುದು ನಮ್ಮ ಸಂಘದ, ನಮ್ಮ ಶಿಕ್ಷಕರ, ಪ್ರತಿಯೊಬ್ಬ ತಂದೆ-ತಾಯಿಯ ಹೊಣೆ. ಅಲ್ಲಾಹನು ಅದಕ್ಕೆ ತೌಫೀಕ್ ನೀಡಲಿ.