ಮುಹಮ್ಮದ್ ರಫಿ ಸಾಹೇಬರು: ಬದುಕು ಮತ್ತು ಹಾಡುಗಳ ಲೆಕ್ಕ

ಹಿಂದಿ ಚಿತ್ರರಂಗದ ಹಿನ್ನೆಲೆ ಗಾಯಕರಲ್ಲಿ ಮರ್ಹೂಮ್ ಮುಹಮ್ಮದ್ ರಫಿ ಸಾಹೇಬರ ಹೆಸರು ಕೇಳದವರು ವಿರಳ. ಆದರೆ ಅವರು ಒಟ್ಟು ಎಷ್ಟು ಹಾಡುಗಳನ್ನು ಹಾಡಿದರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಸಂಖ್ಯೆ ಹೇಳುತ್ತಾರೆ. ಅವರ ಜೀವನದ ಜೊತೆಗೆ ಈ ಲೆಕ್ಕದ ಕಥೆಯನ್ನೂ ನಮ್ಮ ವಿದ್ಯಾರ್ಥಿಗಳು ತಿಳಿಯುವುದು ಒಳ್ಳೆಯದು.

ರಫಿ ಸಾಹೇಬರು 1924ರ ಡಿಸೆಂಬರ್ 24ರಂದು ಪಂಜಾಬಿನ ಅಮೃತಸರದ ಬಳಿಯ ಕೋಟ್ಲಾ ಸುಲ್ತಾನ್ ಸಿಂಗ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಹಾಜಿ ಅಲಿ ಮುಹಮ್ಮದ್. ಹಳ್ಳಿಯಲ್ಲಿ ಹಾಡುತ್ತಾ ಅಲೆಯುತ್ತಿದ್ದ ಫಕೀರನೊಬ್ಬನನ್ನು ಅನುಕರಿಸುತ್ತಾ ಬಾಲಕ ರಫಿ ಹಾಡಲು ಕಲಿತರು. ಮುಂದೆ ಕುಟುಂಬವು ಲಾಹೋರಿಗೆ ಹೋಯಿತು. ಅಲ್ಲಿ ಮನೆಯವರದು ಕ್ಷೌರದಂಗಡಿ. ಅಂತಹ ಸಾಮಾನ್ಯ ಮನೆಯ ಹುಡುಗ ಉಸ್ತಾದ್ ಅಬ್ದುಲ್ ವಹೀದ್ ಖಾನ್, ಪಂಡಿತ್ ಜೀವನ್ ಲಾಲ್ ಮಟ್ಟೂ ಮತ್ತು ಫಿರೋಜ್ ನಿಜಾಮಿ ಅವರಲ್ಲಿ ಶಾಸ್ತ್ರೀಯ ಸಂಗೀತ ಕಲಿತರು.

ಸಂಗೀತ ನಿರ್ದೇಶಕ ಶ್ಯಾಮ್ ಸುಂದರ್ ಅವರು ಪಂಜಾಬಿ ಚಿತ್ರ 'ಗುಲ್ ಬಲೋಚ್'ನಲ್ಲಿ ಮೊದಲ ಅವಕಾಶ ಕೊಟ್ಟರು. 1944ರಲ್ಲಿ ರಫಿ ಸಾಹೇಬರು ಬೊಂಬಾಯಿಗೆ ಬಂದರು. ನೌಶಾದ್ ಅವರ ಸಂಗೀತದ 'ಅನ್‌ಮೋಲ್ ಘಡಿ' (1946) ಮತ್ತು ನೂರ್‌ಜಹಾನ್ ಅವರೊಂದಿಗೆ ಹಾಡಿದ 'ಜುಗ್ನು' (1947) ಚಿತ್ರಗಳಿಂದ ಅವರ ಹೆಸರು ಮನೆಮಾತಾಯಿತು. ದೇಶ ವಿಭಜನೆಯಾಗಿ ಲಾಹೋರ್ ಆಚೆ ಉಳಿದರೂ ಅವರು ಬೊಂಬಾಯಿಯಲ್ಲೇ ನೆಲೆಸಿದರು.

1952ರ 'ಬೈಜು ಬಾವ್ರಾ' ಚಿತ್ರದ ಪ್ರಸಿದ್ಧ ಭಜನೆಯನ್ನು ಬರೆದವರು ಶಕೀಲ್ ಬದಾಯೂನಿ, ರಾಗ ಸಂಯೋಜಿಸಿದವರು ನೌಶಾದ್, ಹಾಡಿದವರು ರಫಿ. ಮೂವರೂ ಮುಸ್ಲಿಮರು. ಮಾತೃಭಾಷೆ ಪಂಜಾಬಿಯಾದರೂ ಉರ್ದು ಗಜಲಿನ ತಲಫ್ಫುಜ್ ಆಗಲಿ, ಭಜನೆಯ ಸಂಸ್ಕೃತ ಪದಗಳ ಉಚ್ಚಾರವಾಗಲಿ ಅವರ ನಾಲಿಗೆಯಲ್ಲಿ ತಪ್ಪುತ್ತಿರಲಿಲ್ಲ. 1967ರ 'ಒಂದೇ ಬಳ್ಳಿಯ ಹೂಗಳು' ಚಿತ್ರಕ್ಕಾಗಿ ಅವರು ಕನ್ನಡದಲ್ಲೂ ಹಾಡಿದರೆಂಬುದು ನಮಗೆ ಹೆಮ್ಮೆಯ ವಿಷಯ. ಅದೇ ವರ್ಷ ಪದ್ಮಶ್ರೀ ಬಂತು. ಆರು ಬಾರಿ ಫಿಲ್ಮ್‌ಫೇರ್ ಪ್ರಶಸ್ತಿ ಮತ್ತು ರಾಷ್ಟ್ರ ಪ್ರಶಸ್ತಿ ಅವರಿಗೆ ಸಂದವು.

ಸ್ವಭಾವದಿಂದ ಅವರು ಮಿತಭಾಷಿ. ಗಾಯಕರಿಗೂ ರಾಯಧನ ಸಿಗಬೇಕೆಂದು ಲತಾ ಮಂಗೇಶ್ಕರ್ ವಾದಿಸಿದಾಗ, ಹಾಡಿದ್ದಕ್ಕೆ ಸಂಭಾವನೆ ಪಡೆದ ಮೇಲೆ ಗಾಯಕನ ಹಕ್ಕು ಮುಗಿಯಿತೆಂಬ ನಿಲುವು ರಫಿ ಸಾಹೇಬರದು. ಇದರಿಂದ 1960ರ ದಶಕದಲ್ಲಿ ಕೆಲವು ವರ್ಷ ಇಬ್ಬರೂ ಜೊತೆಯಾಗಿ ಹಾಡಲಿಲ್ಲ.

ಹಣದ ಆಸೆಯಿಲ್ಲದ ಈ ಮನುಷ್ಯನನ್ನೂ ಒಂದು ಸಂಖ್ಯೆ ನೋಯಿಸಿತು. 1974ರ ಗಿನ್ನೆಸ್ ದಾಖಲೆ ಪುಸ್ತಕವು ಲತಾ ಅವರು 25,000ಕ್ಕೆ ಕಡಿಮೆಯಿಲ್ಲದಷ್ಟು ಹಾಡುಗಳನ್ನು ಹಾಡಿದ್ದಾರೆಂದು ಪ್ರಕಟಿಸಿತು. ರಫಿ ಸಾಹೇಬರು ಪತ್ರ ಬರೆದು ಆಕ್ಷೇಪಿಸಿದರು. ಅವರ ನಿಧನದ ನಂತರ ಆ ಪುಸ್ತಕದಲ್ಲಿ ಅವರ 28,000 ಹಾಡುಗಳ ಹಕ್ಕೂ ಸೇರಿತು. 1991ರಲ್ಲಿ ಎರಡೂ ದಾಖಲೆಗಳನ್ನು ಕೈಬಿಡಲಾಯಿತು.

ನಿಜವಾದ ಲೆಕ್ಕ ತೋರಿಸಿದವರು ಸಂಗ್ರಹಕಾರರು. ಕಾನ್ಪುರದ ಹರ್ ಮಂದಿರ್ ಸಿಂಗ್ 'ಹಮ್‌ರಾಜ್' ಅವರು ಹಳೆಯ ಗ್ರಾಮಫೋನ್ ತಟ್ಟೆಗಳನ್ನೂ ಚಿತ್ರಗಳ ಹಾಡಿನ ಪುಸ್ತಿಕೆಗಳನ್ನೂ ಹುಡುಕಿ, 'ಹಿಂದಿ ಫಿಲ್ಮ್ ಗೀತ್ ಕೋಶ್' ಸಿದ್ಧಪಡಿಸಿದರು. ಅದರ ಮೊದಲ ಪ್ರಕಟಣೆಯಾದ 1951-60ರ ಸಂಪುಟ ಹೊರಬಂದದ್ದು 1980ರಲ್ಲಿ, ಅಂದರೆ ರಫಿ ಸಾಹೇಬರು ತೀರಿಕೊಂಡ ವರ್ಷವೇ. ಕ್ರಮೇಣ 1931ರಿಂದ 1980ರವರೆಗಿನ ಐದೂ ದಶಕಗಳ ಸಂಪುಟಗಳು ಬಂದವು. ಪ್ರತಿ ಚಿತ್ರದ ಹಾಡು, ಗಾಯಕರು, ಕವಿ, ಸಂಗೀತಗಾರರು ಎಲ್ಲವೂ ಅದರಲ್ಲಿ ದಾಖಲಾಗಿವೆ. ಇದು ಸುಲಭದ ಕೆಲಸವಲ್ಲ. 1949ರ 'ಮಹಲ್' ಚಿತ್ರದ ತಟ್ಟೆಯ ಮೇಲೆ ಲತಾ ಅವರ ಬದಲು ಪಾತ್ರದ ಹೆಸರಾದ ಕಾಮಿನಿ ಎಂದೇ ಅಚ್ಚಾಗಿತ್ತು!

ಹೀಗೆ ಒಂದೊಂದಾಗಿ ಎಣಿಸಿದಾಗ ರಫಿ ಸಾಹೇಬರ ಹಿಂದಿ ಚಿತ್ರಗೀತೆಗಳು ಐದು ಸಾವಿರದೊಳಗೇ ಇರುವುದು ಕಂಡುಬಂತು. ವಿದ್ಯಾರ್ಥಿಗಳು ತಾವೇ ಭಾಗಿಸಿ ನೋಡಬಹುದು. 36 ವರ್ಷಗಳಲ್ಲಿ 28,000 ಎಂದರೆ ಒಂದು ದಿನವೂ ಬಿಡುವಿಲ್ಲದೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಹಾಡುಗಳು! ಐದು ಸಾವಿರವೇನು ಕಡಿಮೆಯೇ? ಅದೂ ವಾರಕ್ಕೆ ಎರಡು ಮೂರು ಹಾಡುಗಳಾಗುತ್ತವೆ. ಲೆಕ್ಕ ಇಳಿದರೂ ಅವರ ಒಂದು ಹಾಡಿನ ಸವಿಯೂ ಕಡಿಮೆಯಾಗಲಿಲ್ಲ.

1980ರ ಜುಲೈ 31ರಂದು, ರಮಜಾನ್ ತಿಂಗಳಲ್ಲಿ, ಹೃದಯಾಘಾತದಿಂದ ರಫಿ ಸಾಹೇಬರು ನಿಧನರಾದರು. ಸುರಿಯುವ ಮಳೆಯಲ್ಲೂ ಸಾವಿರಾರು ಜನ ಜನಾಜಾದಲ್ಲಿ ನಡೆದರು. ಜುಹೂ ಕಬರಸ್ತಾನದಲ್ಲಿದ್ದ ಅವರ ಗೋರಿಯನ್ನು 2010ರಲ್ಲಿ ಹೊಸ ದಫನ್‌ಗಳಿಗೆ ಜಾಗಕ್ಕಾಗಿ ತೆರವುಗೊಳಿಸಲಾಯಿತು. ಕಲ್ಲಿನ ಗುರುತು ಅಳಿಯಿತು, ಕಾಗದದ ಮೇಲಿನ ದಾಖಲೆ ಉಳಿಯಿತು. ನಮ್ಮ ಊರಿನ ಶಾಯರರ, ಉಸ್ತಾದರ, ಹಾಡುಗಾರರ ಹೆಸರುಗಳನ್ನೂ ಇಂದೇ ಬರೆದಿಡುವವರು ನಮ್ಮ ವಿದ್ಯಾರ್ಥಿಗಳಲ್ಲಿ ಹುಟ್ಟಿಬರಲಿ. ಅಲ್ಲಾಹನು ಮರ್ಹೂಮರಿಗೆ ಮಗ್ಫಿರತ್ ದಯಪಾಲಿಸಲಿ. ಆಮೀನ್.