ಥಾಮಸ್ ರಾಬರ್ಟ್ ಮಾಲ್ಥಸ್

ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ಸರ್ರೆ ಪ್ರಾಂತದ ಒಂದು ಮನೆಯಲ್ಲಿ ತಂದೆಗೂ ಮಗನಿಗೂ ವಾದ ನಡೆಯಿತು. ತಂದೆ ಡೇನಿಯಲ್ ಮಾಲ್ಥಸ್ ತತ್ತ್ವಜ್ಞಾನಿ ರೂಸೋನ ಅಭಿಮಾನಿ. ವಿವೇಕ ಬೆಳೆದಂತೆಲ್ಲ ಬಡತನವೂ ಅನ್ಯಾಯವೂ ಅಳಿಯುವುವೆಂಬ ವಿಲಿಯಂ ಗಾಡ್ವಿನ್ನನ ಬರಹವನ್ನು ಆತ ಮೆಚ್ಚಿದ್ದನು. ಮಗ ರಾಬರ್ಟನಿಗೆ ಅದು ಒಪ್ಪಿಗೆಯಾಗಲಿಲ್ಲ. ಉಣ್ಣುವ ಬಾಯಿಗಳು ಹೆಚ್ಚುವ ವೇಗದಲ್ಲಿ ಭೂಮಿಯು ಅನ್ನವನ್ನು ಕೊಡಲಾರದೆಂಬುದು ಆತನ ಆಕ್ಷೇಪ. ತನ್ನ ವಾದವನ್ನು ತಿಳಿಯಾಗಿ ಬರೆದಿಡಲು ಹೊರಟವನು ಒಂದು ಪುಸ್ತಕವನ್ನೇ ಬರೆದನು. ಜನಸಂಖ್ಯೆಯ ತತ್ತ್ವವನ್ನು ಕುರಿತ ಆ ಪ್ರಬಂಧವು 1798ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾಯಿತು.

ರಾಬರ್ಟ್ ಹುಟ್ಟಿದುದು 1766ರಲ್ಲಿ. ಸೀಳುತುಟಿಯ ದೆಸೆಯಿಂದ ಆತನ ಮಾತು ಸ್ಪಷ್ಟವಾಗಿರಲಿಲ್ಲ. ಕೇಂಬ್ರಿಡ್ಜಿನಲ್ಲಿ ಗಣಿತವನ್ನು ಅಭ್ಯಾಸ ಮಾಡಿ, ಪಾದ್ರಿಯಾಗಿ ಸರ್ರೆಯ ಓಕ್‌ವುಡ್ ಎಂಬಲ್ಲಿನ ಚಿಕ್ಕ ಚರ್ಚಿನ ಸೇವೆಗೆ ನಿಂತನು. ಹಳ್ಳಿಯ ಬಾಳನ್ನು ಕವಿಗಳು ಹೊಗಳುವುದುಂಟು. ಆತನಿಗೆ ಕಂಡುದು ಕೂಲಿಗಾರರ ಮಕ್ಕಳು ವಯಸ್ಸಿಗೆ ತಕ್ಕಂತೆ ಬೆಳೆಯದೆ ಕುಗ್ಗಿದ್ದುದು.

ತಡೆಯಿಲ್ಲದಿದ್ದರೆ ಜನಸಂಖ್ಯೆಯು 25 ವರ್ಷಗಳಿಗೊಮ್ಮೆ 1, 2, 4, 8 ಎಂದು ಇಮ್ಮಡಿಸುತ್ತದೆ. ಆಹಾರವಾದರೋ 1, 2, 3, 4 ಎಂದಷ್ಟೇ ಏರುತ್ತದೆ. ಹೀಗಾದರೆ 200 ವರ್ಷಗಳಲ್ಲಿ ಜನ 256 ಪಾಲು, ಅನ್ನ 9 ಪಾಲು. ಹಸಿವು, ರೋಗ, ಯುದ್ಧಗಳೇ ಈ ಅಂತರವನ್ನು ಸರಿಗಟ್ಟುತ್ತವೆಂದು ಆತ ವಾದಿಸಿದನು. ಮೊದಲನೆಯ ಲೆಕ್ಕಕ್ಕೆ ಉತ್ತರ ಅಮೆರಿಕದ ವಸಾಹತುಗಳ ನಿದರ್ಶನವಿತ್ತು. ಎರಡನೆಯದು ಬಹುಮಟ್ಟಿಗೆ ಊಹೆ.

ಪುಸ್ತಕದಲ್ಲಿ ವಾದವು ಹೆಚ್ಚು, ಆಧಾರವು ಕಡಮೆ ಎಂಬುದು ಆತನಿಗೂ ತಿಳಿದಿತ್ತು. 1799ರಲ್ಲಿ ಗೆಳೆಯರೊಡನೆ ನಾರ್ವೆ, ಸ್ವೀಡನ್, ರಷ್ಯಗಳನ್ನು ನೋಡಲು ಹೊರಟನು. ನಾರ್ವೆಯ ಕೂಲಿಗಾರನು ತನಗೊಂದು ಮನೆಯೂ ತುಂಡು ನೆಲವೂ ದೊರೆಯುವವರೆಗೆ ಮದುವೆಯನ್ನು ಮುಂದೂಡುತ್ತಿದ್ದನು. ಅಲ್ಲಿಯ ಬಡವರು ಒಂದಿಷ್ಟು ನೆಮ್ಮದಿಯಿಂದಿದ್ದರು. ಸ್ವೀಡನ್ನಿನಲ್ಲಿ ಹಿಂದಿನ ವರ್ಷ ಮಳೆಯಿಲ್ಲದೆ ಬೆಳೆ ಕೆಟ್ಟಿತ್ತು. ಅಲ್ಲಿ ಬಡವರು ಫರ್ ಮರದ ತೊಗಟೆಯ ಒಳಪದರದಿಂದ ರೊಟ್ಟಿ ಮಾಡಿ ತಿನ್ನುತ್ತಿದ್ದರು. ಧಾನ್ಯದ ಹಿಟ್ಟು ಅದರಲ್ಲಿ ಲೇಶವೂ ಇರಲಿಲ್ಲ. ಆ ರೈತರ ಬಿಳಿಚಿದ ಮುಖಗಳನ್ನು ಆತ ಮರೆಯಲಿಲ್ಲ.

1800ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ನಡೆದ ಮೊದಲ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಜನ ಸುಮಾರು 89 ಲಕ್ಷವೆಂದು ತಿಳಿದುಬಂದಿತು. ಪ್ರವಾಸದ ಅನುಭವವನ್ನೂ ಅಂಕಿ ಅಂಶಗಳನ್ನೂ ಸೇರಿಸಿ 1803ರಲ್ಲಿ ಪುಸ್ತಕವನ್ನು ಬಹಳ ಹಿಗ್ಗಿಸಿ, ಈ ಸಲ ತನ್ನ ಹೆಸರಿನಲ್ಲಿಯೇ ಪ್ರಕಟಿಸಿದನು. ಸಂಸಾರವನ್ನು ಸಾಕುವ ಶಕ್ತಿ ಬರುವವರೆಗೆ ಮದುವೆಯಾಗದಿರುವುದು ಆತ ಸೂಚಿಸಿದ ದಾರಿ. ತಾನೂ 38ನೆಯ ವಯಸ್ಸಿನಲ್ಲಿ ಮದುವೆಯಾದನು. ಆದರೆ ಬಡವರಿಗೆ ಊರು ಕೊಡುತ್ತಿದ್ದ ನೆರವನ್ನು ಕ್ರಮೇಣ ನಿಲ್ಲಿಸಬೇಕೆಂದೂ ಆತ ಹೇಳಿದನು. ದುಡಿಮೆ ಸಿಗದವನಿಗೆ ಪ್ರಕೃತಿಯ ಪಂಕ್ತಿಯಲ್ಲಿ ಎಲೆಯಿಲ್ಲವೆಂಬ ಅರ್ಥದ ಒಂದು ಕಠೋರ ಭಾಗವೂ ಅದರಲ್ಲಿತ್ತು. ಟೀಕೆಗಳು ಬಂದ ಮೇಲೆ 1806ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟನು. ಓದಿದವರು ಮಾತ್ರ ಮರೆಯಲಿಲ್ಲ. ಸಂಯಮವನ್ನು ಬಡವನಿಂದ ಬೇಡಿದಷ್ಟು ಬಿರುಸಾಗಿ, ನೂರಾರು ಎಕರೆಗಳ ಒಡೆಯರಿಂದ ಆತ ಏನನ್ನೂ ಬೇಡಲಿಲ್ಲ.

1805ರಿಂದ ಕೊನೆಯವರೆಗೂ ಆತ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಬೋಧಿಸಿದನು. ಭಾರತದಲ್ಲಿ ಕಂದಾಯ ಎತ್ತಲು, ನ್ಯಾಯ ಹೇಳಲು ಬರುತ್ತಿದ್ದ ಎಷ್ಟೋ ಇಂಗ್ಲಿಷ್ ತರುಣರು ಆತನ ಪಾಠ ಕೇಳಿದವರೇ.

ರಾಸಾಯನಿಕ ಗೊಬ್ಬರವನ್ನಾಗಲಿ ಹೆಚ್ಚು ಇಳುವರಿಯ ತಳಿಗಳನ್ನಾಗಲಿ ಆತ ಊಹಿಸಿರಲಿಲ್ಲ. ಆತನ ಕಾಲದಲ್ಲಿ ಸುಮಾರು 100 ಕೋಟಿಯಿದ್ದ ಲೋಕದ ಜನಸಂಖ್ಯೆಯು 2022ರಲ್ಲಿ 800 ಕೋಟಿಯನ್ನು ಮುಟ್ಟಿತು. ಅನ್ನವೂ ಅದನ್ನು ಮೀರಿ ಬೆಳೆಯಿತು. ಆ ಅನ್ನದ ಒಂದು ಪಾಲು ಕಾಡು ಕಡಿದ ನೆಲದಿಂದಲೂ, ಮಳೆ ತುಂಬುವುದಕ್ಕಿಂತ ಬೇಗನೆ ಬರಿದಾಗುತ್ತಿರುವ ಅಂತರ್ಜಲದಿಂದಲೂ ಬಂದುದು. ಆ ವೆಚ್ಚವನ್ನು ಬರೆಯಲು ಆತನ ಲೆಕ್ಕದಲ್ಲಿ ಕಲಮೇ ಇರಲಿಲ್ಲ.

1834ರಲ್ಲಿ ಬಡವರ ನೆರವನ್ನು ಬಿಗಿಗೊಳಿಸುವ ಕಾನೂನನ್ನು ಇಂಗ್ಲೆಂಡಿನ ಪಾರ್ಲಿಮೆಂಟು ಅಂಗೀಕರಿಸಿತು. ಅದೇ ವರ್ಷದ ಡಿಸೆಂಬರ್ 29ರಂದು, ಬಾತ್ ನಗರದ ಸಮೀಪ ಹೆಂಡತಿಯ ತವರುಮನೆಗೆ ಹೋಗಿದ್ದಾಗ ಮಾಲ್ಥಸ್ ತೀರಿಕೊಂಡನು. ಆತನ ಸಮಾಧಿಯು ಬಾತ್ ನಗರದ ಅಬ್ಬೆಯಲ್ಲಿದೆ.